ನನ್ನ ರಕ್ತ ಏನಂತು ಸಾಮಿ?

ಗೆ,
ಮಹಾನಿರ್ದೇಶಕರು,
ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ,
ನವದೆಹಲಿ.

ವಿಷಯ: ಮಲೇರಿಯಾ ಲಸಿಕೆಯ ಪ್ರಯೋಗ ಮತ್ತು ಒಪ್ಪಿಗೆ ಪತ್ರದ ಭಾಷೆ

ಮಾನ್ಯರೇ,

ನಮಸ್ಕಾರ. ಈ ಪತ್ರವನ್ನು ಕನ್ನಡದಲ್ಲೇ ಬರೆದಿದ್ದೇನೆ. ಇಂಗ್ಲಿಷಿನಲ್ಲೂ ಬರೆಯಬಹುದಿತ್ತು. ಇಲಾಖೆಯಲ್ಲಿ ಮೂವತ್ತು ವರ್ಷ ರಿಪೋರ್ಟು ತುಂಬಿದವನಿಗೆ ಅಷ್ಟು ಬರುತ್ತದೆ. ಆದರೆ ನಾನು ಹೇಳಹೊರಟಿರುವುದೇ ಭಾಷೆಯ ವಿಷಯ. ಯಾರನ್ನಾದರೂ ಕರೆಸಿ, ಓದಿಸಿ, ಅರ್ಥ ಕೇಳಿಕೊಳ್ಳುವ ಕಷ್ಟ ಒಂದು ಸಲ ನಿಮ್ಮ ಕಚೇರಿಗೂ ಆಗಲಿ ಅಂತ. ಬೇಜಾರು ಮಾಡಿಕೊಳ್ಳಬೇಡಿ.

ನಾನು ಚಿತ್ರದುರ್ಗ ಜಿಲ್ಲೆಯವನು. ಆರೋಗ್ಯ ಸಹಾಯಕನಾಗಿ ಕೆಲಸ ಮಾಡಿ ನಿವೃತ್ತನಾದೆ. ಹಳ್ಳಿಯಲ್ಲಿ ನಮ್ಮನ್ನು ಯಾರೂ ಹಾಗೆ ಕರೆಯುವುದಿಲ್ಲ. 'ಮಲೇರಿಯಾದವರು ಬಂದ್ರು' ಅನ್ನುತ್ತಾರೆ. ಹದಿನೈದು ದಿನಕ್ಕೊಂದು ಸಲ ಮನೆಮನೆಗೆ ಹೋಗುವುದು, 'ಯಾರಿಗಾದ್ರೂ ಜ್ವರ ಬಂದಿತ್ತಾ' ಅಂತ ಕೇಳುವುದು, ಬಂದಿದ್ದರೆ ಬೆರಳು ಚುಚ್ಚಿ ರಕ್ತ ತೆಗೆಯುವುದು. ಗಾಜಿನ ಸ್ಲೈಡ್ ಮೇಲೆ ಒಂದು ದಪ್ಪ ಲೇಪನ, ಪಕ್ಕದಲ್ಲಿ ಒಂದು ತೆಳು ಲೇಪನ. ಒಣಗುವವರೆಗೂ ಕಾಯಬೇಕು, ಇಲ್ಲದಿದ್ದರೆ ನೊಣ, ಇರುವೆ ಬಂದು ತಿಂದುಬಿಡುತ್ತವೆ. ಹೊರಡುವಾಗ ನಾಲ್ಕು ಕ್ಲೋರೋಕ್ವಿನ್ ಮಾತ್ರೆ ಕೊಟ್ಟು, 'ಊಟ ಮಾಡಿ ನುಂಗಿ' ಅನ್ನುವುದು. ನನ್ನ ಸರ್ವೀಸಿನ ಅರ್ಧ ಭಾಗ ಇಷ್ಟೇ.

ಹಿರಿಯೂರು ತಾಲ್ಲೂಕಿನಲ್ಲಿ ನನ್ನ ಪಾಲಿಗೆ ಒಂದು ಗೊಲ್ಲರಹಟ್ಟಿ ಇತ್ತು. ಅಲ್ಲಿಗೆ ಬೆಳಿಗ್ಗೆ ಬೇಗ ಹೋಗಬೇಕು. ತಡವಾದರೆ ಕುರಿ ಹೊಡೆದುಕೊಂಡು ಎಲ್ಲರೂ ಹೊರಟುಹೋಗಿರುತ್ತಾರೆ. ಆ ಹಟ್ಟಿಯಲ್ಲೊಬ್ಬ ಅಜ್ಜಿ. ನಾನು ಸೈಕಲ್ ನಿಲ್ಲಿಸುವುದೇ ತಡ, ಕೇಳುತ್ತಿದ್ದಳು: 'ಸಾಮಿ, ಹೋದ ಸಲ ತಗೊಂಡ್ ಹೋದ್ರಲ್ಲ ನನ್ನ ರಕ್ತ, ಅದು ಏನಂತು?'

ನನ್ನ ಹತ್ತಿರ ಉತ್ತರ ಇರುತ್ತಿರಲಿಲ್ಲ. ಸ್ಲೈಡ್ ಹೋಗಿ, ಬಣ್ಣ ಹಾಕಿ, ನೋಡಿ, ರಿಸಲ್ಟ್ ಬರುವಷ್ಟರಲ್ಲಿ ಇಪ್ಪತ್ತು ದಿನ ಆಗುತ್ತಿತ್ತು. ಬಂದರೂ ಪಾಸಿಟಿವ್ ಆದವರ ಹೆಸರು ಮಾತ್ರ. ನೆಗೆಟಿವ್ ಆದವರಿಗೆ ಹೇಳುವ ಪದ್ಧತಿಯೇ ಇರಲಿಲ್ಲ. 'ಏನೂ ಇಲ್ಲಮ್ಮ' ಅಂತ ಸುಮ್ನೆ ಅಂದುಬಿಡುತ್ತಿದ್ದೆ. ಒಂದು ದಿನ ಅವಳು ಬೆರಳು ಹಿಂದಕ್ಕೆ ಎಳೆದುಕೊಂಡಳು. 'ಏನೂ ಇಲ್ಲದ್ದಕ್ಕೆ ಯಾಕ್ ತಗೋತೀರಿ, ಬಿಡಿ' ಅಂದಳು. ಅವತ್ತು ಆ ಹಟ್ಟಿಯಲ್ಲಿ ಒಂದೇ ಒಂದು ಸ್ಲೈಡೂ ಆಗಲಿಲ್ಲ. ಅಜ್ಜಿ ಬೇಡ ಅಂದಮೇಲೆ ಮಿಕ್ಕವರು ಕೊಡುತ್ತಾರಾ?

ಇಷ್ಟು ಹಳೇ ಕತೆ ಈಗ ಯಾಕೆ ಅಂದರೆ, 2025ರ ಜುಲೈನಲ್ಲಿ ನಿಮ್ಮ ಮಂಡಳಿ 'ಆಡ್‌ಫಾಲ್ಸಿವ್ಯಾಕ್ಸ್' ಎಂಬ ಸ್ವದೇಶಿ ಮಲೇರಿಯಾ ಲಸಿಕೆಯ ವಿಷಯ ಪ್ರಕಟಿಸಿತು. ಭುವನೇಶ್ವರದ ನಿಮ್ಮ ಕೇಂದ್ರದಲ್ಲಿ ರೂಪಿಸಿದ್ದು. ತಯಾರಿಸಲು ಕಂಪನಿಗಳಿಂದ ಅರ್ಜಿಯನ್ನೂ ಕರೆದಿರಿ. ಪ್ರಯೋಗಾಲಯದ, ಪ್ರಾಣಿಗಳ ಮೇಲಿನ ಪರೀಕ್ಷೆ ಮುಗಿದಿದೆ ಅಂದಿರಿ. ಅಂದರೆ ಮುಂದಿನದು ಮನುಷ್ಯರ ಸರದಿ. ಬೆರಳು ಮುಂದೆ ಮಾಡಬೇಕಾದವರ ಸರದಿ.

ಸುದ್ದಿ ಓದಿದ ವಾರವೇ ದಾವಣಗೆರೆಗೆ ಮಗಳ ಮನೆಗೆ ಹೋಗಿದ್ದೆ. ಸಂಜೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಮುಂದಿಟ್ಟುಕೊಂಡು ಕೂತಿದ್ದಾಗ ಅಳಿಯ ಕೇಳಿದ: 'ಮಾವ, ಕೊರೊನಾಗೆ ಒಂದೇ ವರ್ಷದಲ್ಲಿ ಲಸಿಕೆ ಬಂತು. ಇದಕ್ಕೇನು ಇಷ್ಟು ವರ್ಷ?' ಒಳ್ಳೆಯ ಪ್ರಶ್ನೆ. ನನಗೆ ತಿಳಿದ ಹಾಗೆ ಅವನಿಗೆ ಹೇಳಿದ್ದನ್ನೇ ಇಲ್ಲೂ ಬರೆಯುತ್ತೇನೆ. ನಿಮಗೆ ಇದು ಹೊಸದಲ್ಲ, ಗೊತ್ತು. ಇದು ಬಹಿರಂಗ ಪತ್ರವಾದ್ದರಿಂದ ಬೇರೆಯವರೂ ಓದುತ್ತಾರೆ.

ದಡಾರ ಒಂದು ಸಲ ಬಂದು ಹೋದರೆ ಮತ್ತೆ ಸಾಮಾನ್ಯವಾಗಿ ಬರುವುದಿಲ್ಲ. ಮೈಗೆ ಅದರ ಗುರುತು ಸಿಕ್ಕಿಬಿಡುತ್ತದೆ. ಲಸಿಕೆ ಅಂದರೆ ಕಾಯಿಲೆ ಬರಿಸದೆ ಆ ಗುರುತನ್ನು ಮಾತ್ರ ಮೈಗೆ ಕಲಿಸುವುದು. ಮಲೇರಿಯಾ ಹಾಗಲ್ಲ. ಈ ವರ್ಷ ಬಂದವನಿಗೆ ಮುಂದಿನ ವರ್ಷವೂ ಬರುತ್ತದೆ. ಆಫ್ರಿಕಾದ ಹಳ್ಳಿಗಳಲ್ಲಿ ಹತ್ತಾರು ಸಲ ಬಂದವರಿಗೂ ಪೂರ್ತಿ ರಕ್ಷಣೆ ಸಿಗುವುದಿಲ್ಲ, ಜ್ವರದ ಜೋರು ಕಡಿಮೆಯಾಗುತ್ತದೆ ಅಷ್ಟೆ. ಕಾಯಿಲೆಯೇ ಕಲಿಸದ ಪಾಠವನ್ನು ಲಸಿಕೆ ಕಲಿಸಬೇಕು.

ಇನ್ನೊಂದು, ಇದು ವೈರಸ್ ಅಲ್ಲ. ಒಂದೇ ಕೋಶದ ಜೀವಿ, ಐದು ಸಾವಿರಕ್ಕೂ ಜಾಸ್ತಿ ಜೀನ್‌ಗಳಿವೆ. ಕೊರೊನಾದಲ್ಲಿ ಮೈಮೇಲಿನ ಒಂದು ಮುಳ್ಳಿಗೆ ಗುರಿಯಿಟ್ಟರೆ ಕೆಲಸವಾಯಿತು. ಮಲೇರಿಯಾದ ರೋಗಾಣು ನಮ್ಮ ಕಡೆಯ ಹಗಲುವೇಷದವರ ಹಾಗೆ. ಸೊಳ್ಳೆಯ ಜೊಲ್ಲಿನಲ್ಲಿ ಒಂದು ವೇಷ. ಕಚ್ಚಿದ ಸ್ವಲ್ಪ ಹೊತ್ತಿನಲ್ಲೇ ಪಿತ್ತಜನಕಾಂಗ ಸೇರಿ ಅಲ್ಲಿ ಇನ್ನೊಂದು ವೇಷ. ಅಲ್ಲಿ ಒಂದು ಹೋಗಿ ಸಾವಿರಾರು ಆಗಿ ರಕ್ತಕ್ಕೆ ಬಂದಾಗ ಮತ್ತೊಂದು ವೇಷ. ರಕ್ತದಿಂದ ಸೊಳ್ಳೆಗೆ ವಾಪಸ್ ಹೋಗಲು ಇನ್ನೂ ಒಂದು. ಒಂದು ವೇಷ ಗುರುತು ಹಿಡಿಯಲು ಕಲಿತ ಮೈಗೆ ಇನ್ನೊಂದು ವೇಷ ಪತ್ತೆಯಾಗುವುದಿಲ್ಲ.

1967ರಲ್ಲಿ ವಿಜ್ಞಾನಿ ರೂತ್ ನುಸೆನ್‌ಜ್ವೀಗ್ ಅವರು ವಿಕಿರಣ ಹಾಯಿಸಿ ದುರ್ಬಲ ಮಾಡಿದ ರೋಗಾಣುಗಳಿಂದ ಇಲಿಗಳಿಗೆ ರಕ್ಷಣೆ ಬರುತ್ತದೆ ಎಂದು ತೋರಿಸಿದರು. ಮನುಷ್ಯರಲ್ಲೂ ಅದು ನಿಜವಾಯಿತು. ಆದರೆ ಒಬ್ಬ ಮನುಷ್ಯನಿಗೆ ಅಂಥ ಸೊಳ್ಳೆಗಳಿಂದ ಸಾವಿರದಷ್ಟು ಸಲ ಕಚ್ಚಿಸಬೇಕಿತ್ತು. ಅದನ್ನು ಲಸಿಕೆ ಅಂತ ಊರೂರಿಗೆ ಹಂಚುವುದು ಆಗುವ ಮಾತಾ? ರೋಗಾಣುವಿನ ಮೊದಲ ವೇಷದ ಒಂದು ತುಣುಕನ್ನು ಹೆಪಟೈಟಿಸ್ ಬಿ ಲಸಿಕೆಯ ಪ್ರೋಟೀನಿಗೆ ಅಂಟಿಸಿದ ಆರ್‌ಟಿಎಸ್,ಎಸ್ ಲಸಿಕೆಯ ಕೆಲಸ 1980ರ ದಶಕದಲ್ಲಿ ಶುರುವಾಯಿತು. ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಮಕ್ಕಳಿಗೆ ಕೊಡಬಹುದು ಅಂತ ಹೇಳಿದ್ದು 2021ರ ಅಕ್ಟೋಬರಿನಲ್ಲಿ. ನಾನು ಕೆಲಸಕ್ಕೆ ಸೇರುವ ಮೊದಲೇ ಹೊರಟ ಬಸ್ಸು ನಾನು ರಿಟೈರ್ ಆಗುವ ಹೊತ್ತಿಗೆ ಊರು ಸೇರಿತು ಅನ್ನಿ.

ಆ ಬಸ್ಸಿನಲ್ಲಿ ಕೂತವರ ಬಗ್ಗೆಯೇ ನನ್ನ ಮಾತು. 2009ರಿಂದ 2014ರವರೆಗೆ ಆಫ್ರಿಕಾದ 7 ದೇಶಗಳ 11 ಕಡೆ, 15,459 ಮಕ್ಕಳ ಮೇಲೆ ಅದರ ಮೂರನೇ ಹಂತದ ಪ್ರಯೋಗ ನಡೆಯಿತು. ಐದರಿಂದ ಹದಿನೇಳು ತಿಂಗಳ ಮಕ್ಕಳಲ್ಲಿ ನಾಲ್ಕು ಡೋಸ್ ಪಡೆದವರಿಗೆ ನಾಲ್ಕು ವರ್ಷದಲ್ಲಿ ಮಲೇರಿಯಾ ಜ್ವರ ಸುಮಾರು 36% ಕಡಿಮೆಯಾಯಿತು. ಇನ್ನೂ ಚಿಕ್ಕ ಕೂಸುಗಳಲ್ಲಿ ಅಷ್ಟೂ ಇಲ್ಲ. ಜೊತೆಗೆ ಲಸಿಕೆ ಪಡೆದ ಮಕ್ಕಳಲ್ಲಿ ಮೆದುಳು ಪೊರೆಯ ಉರಿಯೂತ ಸ್ವಲ್ಪ ಜಾಸ್ತಿ ಕಂಡಿತು. ಹೆಣ್ಣುಮಕ್ಕಳ ಸಾವಿನ ಲೆಕ್ಕದಲ್ಲೂ ಒಂದು ಅನುಮಾನ ಎದ್ದಿತು. ಲಸಿಕೆಯಿಂದಲೇ ಆಯಿತಾ, ಕಾಕತಾಳೀಯವಾ? ಹೇಳುವುದು ಕಷ್ಟವಾಗಿತ್ತು. ಹಾಗಾಗಿ 2019ರಿಂದ ಘಾನಾ, ಕೀನ್ಯಾ, ಮಲಾವಿಯಲ್ಲಿ ದೊಡ್ಡ ಮಟ್ಟದಲ್ಲಿ ಕೊಟ್ಟು ನೋಡಿದರು.

ಕೊನೆಗೆ ಆ ಅನುಮಾನಗಳು ನಿಜವಾಗಲಿಲ್ಲ. ಮಕ್ಕಳ ಸಾವು 13% ಕಡಿಮೆಯಾಯಿತು ಅಂತಲೂ ಗೊತ್ತಾಯಿತು. ಸಂತೋಷದ ಸುದ್ದಿ, ಎರಡು ಮಾತಿಲ್ಲ. ಆದರೆ ನಡುವೆ, 2020ರಲ್ಲಿ, ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಒಂದು ಗಂಭೀರ ಪ್ರಶ್ನೆ ಬಂತು. ಇದರಲ್ಲಿ ಅಧ್ಯಯನವೂ ಸೇರಿದೆ, ಹಿಂದಿನ ಪ್ರಯೋಗದಲ್ಲಿ ಇಂಥಿಂಥ ಅನುಮಾನ ಬಂದಿತ್ತು ಅಂತ ಆ ತಾಯಂದಿರಿಗೆ ಹೇಳಿದ್ದೀರಾ? ಮಗುವನ್ನು ಲಸಿಕೆಗೆ ಕರೆತಂದದ್ದನ್ನೇ ಒಪ್ಪಿಗೆ ಅಂತ ಹಿಡಿಯುವುದು ಸರಿಯಾ? ವಿಶ್ವ ಆರೋಗ್ಯ ಸಂಸ್ಥೆ ಆ ಆಕ್ಷೇಪ ಒಪ್ಪಲಿಲ್ಲ. ಇದು ಆಯಾ ದೇಶದ ಲಸಿಕಾ ಕಾರ್ಯಕ್ರಮದ ಭಾಗ ಅಂದಿತು. ಇರಬಹುದು. ಆದರೆ ನಾನು ಆ ಕ್ಯೂನಲ್ಲಿ ನಿಂತ ತಾಯಿಯ ಜಾಗದಲ್ಲಿ ನಮ್ಮ ಹಟ್ಟಿಯ ಅಜ್ಜಿಯನ್ನು ಇಟ್ಟು ನೋಡುತ್ತೇನೆ. ಫಲಿತಾಂಶ ಒಳ್ಳೆಯದಾಯಿತು ಅನ್ನುವುದು ಅವಳ ಪ್ರಶ್ನೆಗೆ ಉತ್ತರವಲ್ಲ. ಅವಳು ಕೇಳುವುದು 'ನನಗೆ ಮೊದಲೇ ಯಾಕೆ ಹೇಳಲಿಲ್ಲ' ಅಂತ.

ನಮ್ಮ ದೇಶಕ್ಕೂ ಇದು ಹೊಸ ಪಾಠವಲ್ಲ. 2009ರಲ್ಲಿ ಆಗಿನ ಆಂಧ್ರದ ಖಮ್ಮಂ ಮತ್ತು ಗುಜರಾತಿನ ವಡೋದರಾದಲ್ಲಿ ಹೆಣ್ಣುಮಕ್ಕಳಿಗೆ ಗರ್ಭಕೊರಳಿನ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆ ಕೊಟ್ಟ ಅಧ್ಯಯನ ನೆನಪಿದೆಯಲ್ಲ? ಖಮ್ಮಂನಲ್ಲಿ ಬುಡಕಟ್ಟು ಮಕ್ಕಳ ಹಾಸ್ಟೆಲ್‌ಗಳಲ್ಲಿ ಎಷ್ಟೋ ಒಪ್ಪಿಗೆ ಪತ್ರಗಳಿಗೆ ಅಪ್ಪ ಅಮ್ಮನ ಬದಲು ವಾರ್ಡನ್‌ಗಳು ಸಹಿ ಹಾಕಿದ್ದರು. 2010ರ ಏಪ್ರಿಲ್‌ನಲ್ಲಿ ಅದು ನಿಂತಿತು. ಆ ಮಕ್ಕಳಲ್ಲಿ ಕೆಲವರು ತೀರಿಕೊಂಡದ್ದಕ್ಕೂ ಲಸಿಕೆಗೂ ಸಂಬಂಧವಿಲ್ಲ ಎಂದೇ ತನಿಖೆ ಹೇಳಿತು. ಆದರೆ ಯಾರು ನಂಬಿದರು? ಸಹಿ ಸರಿಯಿರದ ಕಡೆ ವಿಜ್ಞಾನ ಸರಿಯಿದ್ದರೂ ಜನ ನಂಬುವುದಿಲ್ಲ. ಆ ಲಸಿಕೆಯ ಮೇಲೆ ಬಿದ್ದ ಅನುಮಾನ ತೊಳೆಯಲು ಎಷ್ಟು ವರ್ಷ ಹಿಡಿಯಿತು ಅನ್ನುವುದು ನಿಮಗೇ ಗೊತ್ತು. ಸಂಸದೀಯ ಸಮಿತಿ 2013ರಲ್ಲಿ ಕೊಟ್ಟ ವರದಿಯಲ್ಲಿ ನಿಮ್ಮ ಮಂಡಳಿಯ ಮೇಲೂ ಟೀಕೆ ಇತ್ತು.

ಈಗ ನಮ್ಮ ಲಸಿಕೆಗೆ ಬರೋಣ.

ಪ್ರಯೋಗ ಎಲ್ಲಿ ಮಾಡುತ್ತೀರಿ ಅನ್ನುವುದು ಮೊದಲ ತೊಡಕು. ಚಿತ್ರದುರ್ಗದಲ್ಲಂತೂ ಆಗುವುದಿಲ್ಲ. ಕಾಯಿಲೆ ಅಷ್ಟು ಕಡಿಮೆಯಾಗಿದೆ, ಪುಣ್ಯ. ಒಂದು ಲೆಕ್ಕ ಹಾಕಿ ನೋಡಿ. ವರ್ಷಕ್ಕೆ ಸಾವಿರಕ್ಕೆ ಒಬ್ಬರಿಗೆ ಮಲೇರಿಯಾ ಬರುವ ಜಾಗ ಅಂತಿಟ್ಟುಕೊಳ್ಳಿ. ಲಸಿಕೆ ಪಡೆಯದ ಗುಂಪಿನಲ್ಲಿ ನೂರು ಜನಕ್ಕೆ ಜ್ವರ ಕಾಣಬೇಕಾದರೂ ಆ ಒಂದು ಗುಂಪಿನಲ್ಲೇ ಲಕ್ಷ ಜನ ಬೇಕು. ಲಸಿಕೆ ಪಡೆದ ಗುಂಪು ಬೇರೆ. ಅಷ್ಟೂ ಜನರನ್ನು ವರ್ಷವಿಡೀ ಹಿಂಬಾಲಿಸಬೇಕು. ಕಾಯಿಲೆ ಇಳಿದಷ್ಟೂ ಲಸಿಕೆ ಪರೀಕ್ಷಿಸುವುದು ಕಷ್ಟವಾಗುತ್ತದೆ. ಅದರ ಮೇಲೆ ಪ್ರಯೋಗಕ್ಕೆ ಬಂದವರಿಗೆಲ್ಲ ಸೊಳ್ಳೆಪರದೆ ಕೊಡಬೇಕು, ಜ್ವರ ಬಂದರೆ ತಕ್ಷಣ ಚಿಕಿತ್ಸೆ ಕೊಡಬೇಕು. ಕೊಡದೆ ಇರುವುದು ಅನ್ಯಾಯ. ಕೊಟ್ಟರೆ ಕೇಸು ಇನ್ನೂ ಇಳಿಯುತ್ತದೆ.

ಹಾಗಾಗಿ ನೀವು ಹೋಗಬೇಕಾದದ್ದು ಕಾಯಿಲೆ ಇನ್ನೂ ಗಟ್ಟಿಯಾಗಿ ಕೂತಿರುವ ಕಡೆಗೆ. ಒಡಿಶಾದ ಮಲ್ಕಾನ್‌ಗಿರಿ, ಛತ್ತೀಸಗಢದ ಬಸ್ತರ್, ಈಶಾನ್ಯದ ಗುಡ್ಡಗಾಡು. ಅಂದರೆ ಕಾಡಿನ ಜನ. ಗೊಂಡಿ, ಹಲ್ಬಿಯಂಥ ಭಾಷೆ ಮಾತಾಡುವವರು. ಅವರಿಗೆ ಹಿಂದಿಯ ಒಪ್ಪಿಗೆ ಪತ್ರವೂ ಪರಭಾಷೆಯೇ. ನಮ್ಮ ಲಂಬಾಣಿ ತಾಂಡಾಗಳಲ್ಲಿ ನಾನಿದನ್ನು ಕಣ್ಣಾರೆ ಕಂಡಿದ್ದೇನೆ. ಗಂಡಸರಿಗೆ ಕನ್ನಡ ಚೆನ್ನಾಗಿ ಬರುತ್ತದೆ, ತಲೆಯಾಡಿಸುತ್ತಾರೆ. ಮಗುವನ್ನು ಎತ್ತಿಕೊಂಡು ನಿಂತ ವಯಸ್ಸಾದ ಹೆಂಗಸಿಗೆ ಅರ್ಧ ಅರ್ಥವಾಗಿರುವುದಿಲ್ಲ. ಅವಳನ್ನು ಯಾರೂ ಕೇಳುವುದೂ ಇಲ್ಲ.

ಒಪ್ಪಿಗೆ ಪತ್ರದ ಕನ್ನಡ ಹೇಗಿರುತ್ತದೆ ಅಂತ ಒಂದು ಉದಾಹರಣೆ ಹೇಳುತ್ತೇನೆ. ಕೆಲವು ವರ್ಷದ ಹಿಂದೆ ನಮ್ಮ ಸಂಬಂಧಿಕರೊಬ್ಬರನ್ನು ಬೇರೆ ಯಾವುದೋ ಕಾಯಿಲೆಯ ಅಧ್ಯಯನಕ್ಕೆ ಸೇರಿಸಿಕೊಳ್ಳುವಾಗ ಜೊತೆಗೆ ಹೋಗಿದ್ದೆ. ಯಾವ ಆಸ್ಪತ್ರೆ ಅನ್ನುವುದು ಬೇಡ. ಹನ್ನೊಂದು ಪುಟದ ಕಾಗದ ಕೊಟ್ಟರು. ಅದರಲ್ಲಿ 'ಭಾಗೀದಾರರನ್ನು ಯಾದೃಚ್ಛಿಕವಾಗಿ ಹಂಚಿಕೆ ಮಾಡಲಾಗುವುದು' ಅಂತ ಇತ್ತು. 'ಪ್ರತಿಕೂಲ ಘಟನೆಗಳು ಸಂಭವಿಸಿದಲ್ಲಿ' ಅಂತ ಇತ್ತು. ನಾನು ಎರಡು ಸಲ ಓದಿದೆ. ಇಂಗ್ಲಿಷ್ ಪ್ರತಿ ಕೇಳಿ ತೆಗೆದುಕೊಂಡ ಮೇಲೇ ನನಗೆ ಅರ್ಥವಾಗಿದ್ದು! ಕನ್ನಡ ತಿಳಿಯಲು ಇಂಗ್ಲಿಷ್ ನೋಡಬೇಕಾದ ಗತಿ.

ಯಾದೃಚ್ಛಿಕ ಅನ್ನುವ ಪದವನ್ನು ನಮ್ಮ ಜಿಲ್ಲೆಯಲ್ಲಿ ಯಾರೂ ಬಾಯಿಬಿಟ್ಟು ಆಡಿದ್ದನ್ನು ನಾನು ಕೇಳಿಲ್ಲ. 'ಚೀಟಿ ಎತ್ತಿದ ಹಾಗೆ' ಅಂದರೆ ಮುಗಿಯಿತು. ಚೀಟಿ ಗೊತ್ತಿಲ್ಲದ ಹೆಂಗಸು ಯಾವ ಊರಲ್ಲಿದ್ದಾಳೆ? 'ಚೀಟಿ ಎತ್ತಿದ ಹಾಗೆ ಅರ್ಧ ಮಕ್ಕಳಿಗೆ ಮಲೇರಿಯಾ ಲಸಿಕೆ, ಅರ್ಧ ಮಕ್ಕಳಿಗೆ ಬೇರೆ ಲಸಿಕೆ. ನಿನ್ನ ಮಗುವಿಗೆ ಯಾವುದು ಬಂತು ಅಂತ ನಿನಗೂ ಹೇಳಲ್ಲ, ನನಗೂ ಗೊತ್ತಿರಲ್ಲ.' ಇಷ್ಟು ಹೇಳಿದರೆ ಅವಳು ಖಂಡಿತ ಕೇಳುತ್ತಾಳೆ, 'ಬೇರೆ ಲಸಿಕೆ ಅಂದ್ರೆ ಯಾವ್ದು?' ಆಫ್ರಿಕಾದ ಪ್ರಯೋಗಗಳಲ್ಲಿ ಐದು ತಿಂಗಳು ದಾಟಿದ ಮಕ್ಕಳಿಗೆ ಅದು ಹುಚ್ಚುನಾಯಿ ಕಡಿತದ ಲಸಿಕೆಯಾಗಿತ್ತು. ಬರಿ ನೀರು ಚುಚ್ಚುವ ಬದಲು ಆ ಮಕ್ಕಳಿಗೂ ಏನಾದರೂ ಉಪಯೋಗವಾಗಲಿ ಅಂತ. ಹೇಳಿದರೆ ನಮ್ಮ ಜನಕ್ಕೆ ಅದು ಚೆನ್ನಾಗಿ ಅರ್ಥವಾಗುತ್ತದೆ. ಹೇಳದೆ ಮಾಡಿ, ಆಮೇಲೆ ಯಾರಿಂದಲೋ ಗೊತ್ತಾದರೆ? 'ಮಲೇರಿಯಾ ಅಂತ ಹೇಳಿ ನಾಯಿ ಇಂಜೆಕ್ಷನ್ ಕೊಟ್ರಂತೆ' ಅಂತ ಸಂತೆಯಲ್ಲಿ ಮಾತು ಶುರುವಾದರೆ, ನಿಮ್ಮ ಪ್ರಯೋಗ ಅವತ್ತೇ ಮುಗಿಯಿತು.

ಶೇಕಡಾ ಲೆಕ್ಕವೂ ಅಷ್ಟೆ. ಪುಣೆಯ ಸೀರಂ ಇನ್‌ಸ್ಟಿಟ್ಯೂಟ್ ತಯಾರಿಸುವ, ಆಕ್ಸ್‌ಫರ್ಡ್‌ನವರ ಆರ್-21 ಲಸಿಕೆಗೆ 2023ರ ಅಕ್ಟೋಬರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಶಿಫಾರಸು ಸಿಕ್ಕಿತು. ಮಳೆಗಾಲದಲ್ಲಿ ಮಾತ್ರ ಮಲೇರಿಯಾ ಇರುವ ಕಡೆ, ಆ ಕಾಲಕ್ಕೆ ಮುಂಚೆ ಮೂರು ಡೋಸ್ ಕೊಟ್ಟಾಗ ಒಂದು ವರ್ಷದಲ್ಲಿ 75% ಕೆಲಸ ಮಾಡಿತು ಅಂದರು. ನಮ್ಮ ಪತ್ರಿಕೆಗಳು ಬರೆದದ್ದು 'ನೂರಕ್ಕೆ 75 ಮಕ್ಕಳು ಸುರಕ್ಷಿತ' ಅನ್ನುವ ಅರ್ಥ ಬರುವ ಹಾಗೆ. ಅದು ಹಾಗಲ್ಲ. ಲಸಿಕೆ ಇಲ್ಲದ ಮಕ್ಕಳಲ್ಲಿ ನೂರು ಸಲ ಜ್ವರ ಬಂದರೆ, ಲಸಿಕೆ ಪಡೆದ ಅಷ್ಟೇ ಮಕ್ಕಳಲ್ಲಿ ಇಪ್ಪತ್ತೈದು ಸಲ ಬಂತು. ಅದೂ ಮೊದಲ ವರ್ಷದ ಲೆಕ್ಕ. ಆಮೇಲೆ ಇನ್ನೊಂದು ಡೋಸ್ ಬೇಕು. ಪರದೆ ಕಟ್ಟುವುದನ್ನು ಬಿಡುವ ಹಾಗಿಲ್ಲ. ಇದನ್ನೂ ಹೀಗೇ ಹೇಳಬಹುದು. ಹೇಳಲು ಡಾಕ್ಟರೇ ಬೇಕಿಲ್ಲ, ಆಶಾ ಕಾರ್ಯಕರ್ತೆ ಸಾಕು.

ಇನ್ನು ನಿಮ್ಮ ಹೊಸ ಲಸಿಕೆಯಲ್ಲಿ ಒಂದು ವಿಶೇಷ ಇದೆ. ಅದು ಎರಡು ವೇಷಕ್ಕೆ ಗುರಿ ಇಟ್ಟಿದೆ. ಮನುಷ್ಯನ ಮೈ ಸೇರುವ ವೇಷ ಒಂದು. ಮನುಷ್ಯನಿಂದ ಸೊಳ್ಳೆಗೆ ವಾಪಸ್ ಹೋಗುವ ವೇಷ ಇನ್ನೊಂದು. ಲಸಿಕೆ ಪಡೆದವರ ರಕ್ತ ಕುಡಿದ ಸೊಳ್ಳೆಯ ಹೊಟ್ಟೆಯಲ್ಲಿ ರೋಗಾಣು ಬೆಳೆಯದ ಹಾಗೆ ಮಾಡುವುದು. ಇದನ್ನು ಮೊನ್ನೆ ಅದೇ ಹಟ್ಟಿಗೆ ಹೋದಾಗ ಅಜ್ಜಿಯ ಸೊಸೆಗೆ ವಿವರಿಸಲು ನೋಡಿದೆ. ಅಜ್ಜಿ ಈಗಿಲ್ಲ. ಸೊಸೆ ಪೂರ್ತಿ ಕೇಳಿಸಿಕೊಂಡು, 'ಹಂಗಾರೆ ಲಸಿಕೆ ನನಗಾ, ಸೊಳ್ಳೆಗಾ?' ಅಂದಳು.

ನಗಬೇಡಿ. ಲಸಿಕೆಯ ಆ ಅರ್ಧ ಭಾಗದಿಂದ ಚುಚ್ಚಿಸಿಕೊಂಡವಳಿಗೆ ನೇರ ಲಾಭವಿಲ್ಲ, ಅವಳ ನೆರೆಮನೆಯವರಿಗೆ ಲಾಭ ಅನ್ನುವ ಮಾತನ್ನು ಅವಳು ಒಂದೇ ಸಲಕ್ಕೆ ಹಿಡಿದಳು. ನಿಮ್ಮ ನೈತಿಕ ಸಮಿತಿ ಗಂಟೆಗಟ್ಟಲೆ ಚರ್ಚಿಸುವ ಪ್ರಶ್ನೆ ಅದು. ಆಮೇಲೆ ಅವಳೇ ಹೇಳಿದಳು, 'ಹಟ್ಟಿಯೋರೆಲ್ಲಾ ಹಾಕಿಸ್ಕೊಂಡ್ರೆ ಆಗ್ಬೋದು, ನಾನೊಬ್ಬಳೇ ಹಾಕಿಸ್ಕೊಂಡು ಏನು ಬಂತು?' ಅದೂ ಸರಿ. ಲಸಿಕೆಯ ಆ ಭಾಗ ಫಲಿಸುತ್ತದೋ ಇಲ್ಲವೋ ನೋಡಲು ಒಬ್ಬೊಬ್ಬರಿಗೆ ಚೀಟಿ ಎತ್ತಿದರೆ ಸಾಲದು, ಹಳ್ಳಿ ಹಳ್ಳಿಗೇ ಎತ್ತಬೇಕು. ಈ ಲಸಿಕೆಯ ಪ್ರೋಟೀನನ್ನು ತಯಾರಿಸುವುದು ಹಾಲು, ಮಜ್ಜಿಗೆ ಹುಳಿಯಾಗಿಸುವ ಜಾತಿಯ ಒಂದು ಬ್ಯಾಕ್ಟೀರಿಯಾದಲ್ಲಿ ಅಂತ ಹೇಳಿದ್ದಕ್ಕೆ ಮಾತ್ರ ಅವಳಿಗೆ ಬಹಳ ಖುಷಿಯಾಯಿತು.

ಒಂದು ದೂರು ಹೇಳಲೇಬೇಕು. ಆರ್‌ಟಿಎಸ್,ಎಸ್, ಆರ್-21, ನಿಮ್ಮ ಆಡ್‌ಫಾಲ್ಸಿವ್ಯಾಕ್ಸ್, ಮೂರೂ ಫಾಲ್ಸಿಪ್ಯಾರಂ ಅನ್ನುವ ಒಂದು ಜಾತಿಯ ಮಲೇರಿಯಾದ ಮೇಲೆ. ಕೊಲ್ಲುವುದು ಜಾಸ್ತಿ ಅದೇ, ಒಪ್ಪುತ್ತೇನೆ. 2023ರಲ್ಲಿ ಜಗತ್ತಿನಲ್ಲಿ ಮಲೇರಿಯಾದಿಂದ ಸತ್ತ ಸುಮಾರು 5,97,000 ಜನರಲ್ಲಿ ಹೆಚ್ಚಿನವರು ಆಫ್ರಿಕಾದ ಪುಟ್ಟ ಮಕ್ಕಳು. ಆದರೆ ನಾನು ಮೂವತ್ತು ವರ್ಷ ನೋಡಿದ್ದು ಹೆಚ್ಚಾಗಿ ವೈವಾಕ್ಸ್ ಅನ್ನುವ ಇನ್ನೊಂದು ಜಾತಿ. ಅದು ಬರುತ್ತಿದ್ದುದು ಮಕ್ಕಳಿಗಿಂತ ದುಡಿಯುವ ಗಂಡಸರಿಗೆ.

ನಮ್ಮ ಕಡೆ ಮಳೆ ಕೈಕೊಟ್ಟ ವರ್ಷ ಹುಡುಗರು ಮಂಗಳೂರಿಗೆ ಕಟ್ಟಡದ ಕೆಲಸಕ್ಕೆ ಹೋಗುತ್ತಾರೆ. ಮಂಗಳೂರು ಅಂದರೆ ಆಗ ನಮ್ಮ ರಾಜ್ಯದಲ್ಲಿ ಮಲೇರಿಯಾದ ತವರು. ಕಟ್ಟುವ ಬಿಲ್ಡಿಂಗಿನ ನೀರಿನ ತೊಟ್ಟಿಯಲ್ಲೇ ಸೊಳ್ಳೆ ಬೆಳೆಯುತ್ತದೆ. ಅದೇ ಹಟ್ಟಿಯ ಒಬ್ಬ ಹುಡುಗ ಯುಗಾದಿಗೆ ಊರಿಗೆ ಬಂದವನು ನಡುಗುತ್ತಾ ಮಲಗಿದ್ದ. ಸ್ಲೈಡ್ ತೆಗೆದೆ. ರಿಸಲ್ಟ್ 'ಪಿವಿ ಪಾಸಿಟಿವ್', ಅಂದರೆ ವೈವಾಕ್ಸ್, ಅಂತ ಬರುವಷ್ಟರಲ್ಲಿ ಜ್ವರ ಬಿಟ್ಟು ಅವನು ವಾಪಸ್ ಹೋಗಿಯಾಗಿತ್ತು. ಮಾರಿಹಬ್ಬಕ್ಕೆ ಬಂದಾಗ ಮತ್ತೆ ಜ್ವರ. ದೀಪಾವಳಿಗೆ ಮತ್ತೆ. ಪ್ರತಿ ಸಲ ಹೊಸ ಸೊಳ್ಳೆ ಕಚ್ಚಿತ್ತು ಅಂತೇನಲ್ಲ. ವೈವಾಕ್ಸ್ ಪಿತ್ತಜನಕಾಂಗದಲ್ಲಿ ತಿಂಗಳುಗಟ್ಟಲೆ ನಿದ್ದೆ ಹೊಡೆದು ಎದ್ದು ಬರುತ್ತದೆ. ಆ ನಿದ್ದೆಯ ರೋಗಾಣುವಿಗೆ ಪ್ರೈಮಾಕ್ವಿನ್ ಮಾತ್ರೆ ಹದಿನಾಲ್ಕು ದಿನ ನುಂಗಬೇಕು. ಮೂರನೇ ದಿನಕ್ಕೆ ಜ್ವರ ಬಿಟ್ಟವನು ಹದಿನಾಲ್ಕನೇ ದಿನದವರೆಗೆ ಯಾಕೆ ನುಂಗುತ್ತಾನೆ? ಬಸುರಿಯರಿಗೆ, ಎಳೆಗೂಸಿಗೆ ಅದನ್ನು ಕೊಡುವ ಹಾಗೂ ಇಲ್ಲ. ವರ್ಷಕ್ಕೆ ಮೂರು ಸಲ ಮಲಗಿ, ಕೂಲಿ ಹೋಗಿ, ಆ ಹುಡುಗ ಮೂರು ಕುರಿ ಮಾರಿದ. ಸಾಯಲಿಲ್ಲ, ಹಾಗಾಗಿ ಯಾವ ಲೆಕ್ಕದಲ್ಲೂ ಅವನು ಬರುವುದಿಲ್ಲ.

ವೈವಾಕ್ಸ್ ಲಸಿಕೆ ಕಷ್ಟ ಅನ್ನುವುದು ಗೊತ್ತು. ಫಾಲ್ಸಿಪ್ಯಾರಂ ರೋಗಾಣುವನ್ನು ಲ್ಯಾಬಿನಲ್ಲಿ ಬೆಳೆಸಬಹುದು. ವೈವಾಕ್ಸ್ ಎಳೆಯ ಕೆಂಪು ರಕ್ತಕಣಗಳೇ ಬೇಕು ಅಂತ ಹಟ ಮಾಡುತ್ತದೆ, ಸತತವಾಗಿ ಬೆಳೆಸಲು ಆಗುವುದಿಲ್ಲ. ಆದರೂ ದಾರಿ ಇಲ್ಲದೆ ಇಲ್ಲ. ದೆಹಲಿಯ ಐಸಿಜಿಇಬಿ ಎಂಬ ಅಂತರರಾಷ್ಟ್ರೀಯ ಪ್ರಯೋಗಾಲಯದಲ್ಲಿ ವಿಜ್ಞಾನಿ ಚೇತನ್ ಚಿಟ್ನಿಸ್ ಮತ್ತಿತರರು ಕೆಲಸ ಮಾಡಿದ, ವೈವಾಕ್ಸ್ ರಕ್ತಕಣಕ್ಕೆ ಅಂಟಿಕೊಳ್ಳಲು ಬಳಸುವ ಪ್ರೋಟೀನನ್ನೇ ಲಸಿಕೆ ಮಾಡಿ ಆಕ್ಸ್‌ಫರ್ಡ್‌ನಲ್ಲಿ ಸ್ವಯಂಸೇವಕರಿಗೆ ಕೊಟ್ಟರು. ಆಮೇಲೆ ರೋಗಾಣು ಇರುವ ರಕ್ತ ಕೊಟ್ಟು ನೋಡಿದರು. 2023ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ರೋಗಾಣು ಹೆಚ್ಚುವ ವೇಗ ಸುಮಾರು ಅರ್ಧಕ್ಕೆ ಇಳಿದಿತ್ತು. ಕೋವಿಡ್‌ನಿಂದ ಪ್ರಯೋಗ ನಿಂತು ಡೋಸ್‌ಗಳ ನಡುವೆ ಬಹಳ ಅಂತರವಾದವರಲ್ಲೇ ಈ ಪರಿಣಾಮ ಕಂಡದ್ದು. ಹೀಗೆ ತಡವಾದದ್ದೇ ಕೆಲವು ಸಲ ಒಳ್ಳೆಯದಾಗುತ್ತದೆ, ನಮ್ಮ ಇಲಾಖೆಯಲ್ಲಿ ಮಾತ್ರ ಆಗಿದ್ದು ನೋಡಲಿಲ್ಲ. ಆ ಅರ್ಧದಿಂದ ಮುಂದಕ್ಕೆ ಹೋಗಲು ದುಡ್ಡು ಎಲ್ಲಿಂದ ಬರಬೇಕು? ಬೇರೆಯವರು ಯಾಕೆ ಕೊಡುತ್ತಾರೆ? ವೈವಾಕ್ಸ್ ನಮ್ಮ ಕಾಯಿಲೆ. ಭದ್ರಾ ಮೇಲ್ದಂಡೆಯ ಕಾಲುವೆ ಪೂರ್ತಿ ಹರಿದರೆ ಚಿತ್ರದುರ್ಗಕ್ಕೆ ನೀರು ಬರುತ್ತದೆ, ಬರಲೇಬೇಕು. ಮಾರಿಕಣಿವೆ ಜಲಾಶಯ 89 ವರ್ಷದ ಮೇಲೆ 2022ರಲ್ಲಿ ಕೋಡಿ ಬಿದ್ದಾಗ ನಾನೂ ಬುತ್ತಿ ಕಟ್ಟಿಕೊಂಡು ನೋಡಲು ಹೋಗಿದ್ದವನೇ. ಆದರೆ ಕಾಲುವೆಯ ಜಿನುಗಿನಲ್ಲಿ, ಗುಂಡಿಯಲ್ಲಿ ಮೊಟ್ಟೆ ಇಡುವ ಸೊಳ್ಳೆಗೆ ಯಾರೂ ಆಹ್ವಾನ ಪತ್ರಿಕೆ ಕಳಿಸಬೇಕಿಲ್ಲ.

ಮನುಷ್ಯರಿಗೆ ಬೇಕಂತಲೇ ರೋಗಾಣು ಕೊಟ್ಟು ಲಸಿಕೆ ಪರೀಕ್ಷಿಸುವ ಬಗ್ಗೆ 2023ರಲ್ಲಿ ನಿಮ್ಮ ಮಂಡಳಿಯೇ ಒಂದು ಕರಡು ಹೊರಡಿಸಿ ಅಭಿಪ್ರಾಯ ಕೇಳಿತ್ತು. ಕೇಳಿದ್ದು ಇಂಗ್ಲಿಷಿನಲ್ಲಿ. ನನಗೆ ಆ ಪದ್ಧತಿಯೇ ಬೇಡ ಅನಿಸುವುದಿಲ್ಲ. ನೂರು ಜನರಲ್ಲಿ ವಾರಗಳಲ್ಲಿ ತಿಳಿಯುವುದಕ್ಕೆ ಸಾವಿರಾರು ಮಕ್ಕಳನ್ನು ವರ್ಷಗಟ್ಟಲೆ ಕಾಯಿಸುವುದು ಯಾಕೆ? ನನ್ನ ಭಯ ಬೇರೆ. ಬೆಂಗಳೂರಿನ ಲೇಬರ್ ಕಾಲೋನಿಯಲ್ಲಿ ದಿನಕ್ಕೆ ಕೂಲಿ ಎಣಿಸುವವನಿಗೆ ಇಷ್ಟು ದುಡ್ಡು ಕೊಡುತ್ತೇವೆ, ಐದು ಸೊಳ್ಳೆ ಕಚ್ಚಿಸಿಕೋ ಅಂದರೆ ಅವನು ಕಾಗದ ಓದುತ್ತಾನಾ? 1897ರಲ್ಲಿ ಸಿಕಂದರಾಬಾದಿನಲ್ಲಿ ಬ್ರಿಟಿಷ್ ವೈದ್ಯ ರೊನಾಲ್ಡ್ ರಾಸ್, ಹುಸೇನ್ ಖಾನ್ ಎಂಬ ರೋಗಿಗೆ ಸೊಳ್ಳೆಗೊಂದು ಆಣೆಯಂತೆ ಕೊಟ್ಟು ಕಚ್ಚಿಸಿದ. ಆ ಸೊಳ್ಳೆಯ ಹೊಟ್ಟೆಯಲ್ಲೇ ರೋಗಾಣು ಸಿಕ್ಕಿತು. ರಾಸ್‌ಗೆ 1902ರಲ್ಲಿ ನೊಬೆಲ್ ಬಂತು. ಹುಸೇನ್ ಖಾನ್‌ಗೆ ಅವನ ರಕ್ತ ಏನಂತು ಅಂತ ಯಾರಾದರೂ ಹೋಗಿ ಹೇಳಿದರಾ?

ನಾನು ಕೇಳುವುದು ಹೆಚ್ಚೇನಲ್ಲ. 2019ರ ಔಷಧ ಪ್ರಯೋಗ ನಿಯಮಗಳಲ್ಲಿ ಎಷ್ಟೋ ಒಳ್ಳೆಯ ಅಂಶ ಈಗಾಗಲೇ ಇವೆ. ನೈತಿಕ ಸಮಿತಿಯಲ್ಲಿ ಸಾಮಾನ್ಯ ಜನರ ಪ್ರತಿನಿಧಿ ಇರಬೇಕು ಅಂತ ಇದೆ. ಸಾಮಾನ್ಯ ಜನ ಅಂದರೆ ಊರಿನ ಗಣ್ಯರು ಅಂತ ಎಲ್ಲರೂ ಅಂದುಕೊಂಡ ಹಾಗಿದೆ. ಆ ಕುರ್ಚಿಯಲ್ಲಿ ಒಬ್ಬ ಕುರಿ ಕಾಯುವ ಹೆಂಗಸನ್ನು ಕೂರಿಸಿ. ಒಪ್ಪಿಗೆ ಪತ್ರವನ್ನು ಇಂಗ್ಲಿಷಿನಲ್ಲಿ ಬರೆದು ಅನುವಾದಕ್ಕೆ ಕಳಿಸಬೇಡಿ. ಮೊದಲು ಹಟ್ಟಿಯಲ್ಲಿ ಕೂತು ಬಾಯಲ್ಲಿ ಹೇಳಿ ನೋಡಿ, ಅವರು ಕೇಳುವ ಪ್ರಶ್ನೆಗಳನ್ನು ಬರೆದುಕೊಳ್ಳಿ, ಆಮೇಲೆ ಕಾಗದ ಬರೆಯಿರಿ. ಅವರಿಗೆ ಅರ್ಥವಾಯಿತಾ ಅಂತ ಅವರ ಬಾಯಲ್ಲೇ ವಾಪಸ್ ಹೇಳಿಸಿ. ಕೊನೆಗೆ, ಪ್ರಯೋಗ ಗೆಲ್ಲಲಿ ಸೋಲಲಿ, ರಕ್ತ ಕೊಟ್ಟ ಪ್ರತಿ ಮನೆಗೂ ಹೋಗಿ ಫಲಿತಾಂಶ ಹೇಳುವುದಕ್ಕೆ ಬಜೆಟ್ಟಿನಲ್ಲಿ ದುಡ್ಡು ಇಡಿ. ಸೋತರಂತೂ ತಪ್ಪದೆ ಹೇಳಿ. ಮೊದಲನೇ ಲಸಿಕೆ ಗೆಲ್ಲುವ ಮೊದಲು ಎಷ್ಟು ಸೋತವು! ಕೊಲಂಬಿಯಾದ ವಿಜ್ಞಾನಿ ಪತರೋಯೊ ಅವರ ಲಸಿಕೆಯ ಬಗ್ಗೆ 1990ರ ಹೊತ್ತಿಗೆ ಜಗತ್ತೇ ಕುಣಿದಿತ್ತು. ಗ್ಯಾಂಬಿಯಾ, ಥಾಯ್ಲೆಂಡ್‌ನಲ್ಲಿ ಪರೀಕ್ಷಿಸಿದಾಗ ಕೆಲಸ ಮಾಡಲಿಲ್ಲ. ಅದನ್ನು ತಿಳಿಸಿಕೊಟ್ಟ ಮಕ್ಕಳೂ ಕೆಲಸ ಮಾಡಿದ ಹಾಗೇ ಅಲ್ವಾ?

ನನಗೀಗ ಅರವತ್ತು ದಾಟಿದೆ, ಸಕ್ಕರೆ ಕಾಯಿಲೆ ಬೇರೆ. ಪ್ರಯೋಗಕ್ಕೆ ಹೆಸರು ಕೊಟ್ಟರೆ ನೀವೇ ಬೇಡ ಅನ್ನುತ್ತೀರಿ. ಆದರೆ ಕಾಗದ ಓದಿ ಹೇಳುವ ಕೆಲಸಕ್ಕೆ ಬರುತ್ತೇನೆ, ಭತ್ಯೆ ಬೇಡ, ಬಸ್ ಚಾರ್ಜ್ ಕೊಟ್ಟರೆ ಸಾಕು. ಕರಡು ಸಿದ್ಧವಾದಾಗ ನಿಮ್ಮವರನ್ನು ಒಂದು ದಿನ ಹಿರಿಯೂರಿಗೆ ಕಳಿಸಿ. ಹಟ್ಟಿಗೆ ನಾನು ಕರೆದುಕೊಂಡು ಹೋಗುತ್ತೇನೆ. ಆ ಸೊಸೆಗೆ ಹೇಳಿಟ್ಟಿದ್ದೇನೆ, ಕೇಳಿಸಿಕೊಳ್ಳುತ್ತೇನೆ ಅಂದಿದ್ದಾಳೆ. ಸಂತೆಯ ದಿನ ಮಾತ್ರ ಬೇಡ. ಬೆಳಿಗ್ಗೆ ಏಳರೊಳಗೆ ಬಂದುಬಿಡಲು ಹೇಳಿ, ಆಮೇಲೆ ಕುರಿ ಹೊರಟುಬಿಡುತ್ತವೆ.

ಇಂತಿ ನಮಸ್ಕಾರಗಳೊಂದಿಗೆ,
ನಿವೃತ್ತ ಆರೋಗ್ಯ ಸಹಾಯಕ,
ಚಿತ್ರದುರ್ಗ